ಆಕಾಶದ ಗೋಮಾಳ

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಗೋಮಾಳವೆಂದರೇನೆಂದು ವಿವರಿಸಬೇಕಾದ ಅಗತ್ಯವಿಲ್ಲ. ಗದ್ದೆಗೆ ಪಹಣಿಯುಂಟು, ತೋಟಕ್ಕೆ ಬೇಲಿಯುಂಟು, ಎರಡಕ್ಕೂ ಒಡೆಯನೊಬ್ಬನುಂಟು. ಗೋಮಾಳಕ್ಕೆ ಅಂಥ ಒಡೆಯನಿಲ್ಲ. ಊರಿನ ಯಾರ ದನವಾದರೂ ಅಲ್ಲಿ ಮೇಯಬಹುದು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹಾಗೆಂದು ಅಲ್ಲಿ ಕಟ್ಟಳೆಗಳೇ ಇಲ್ಲವೆಂದಲ್ಲ. ಮೇಯಿಸಬಹುದು, ಉಳಬಾರದು; ನಡೆದಾಡಬಹುದು, ಬೇಲಿ ಹಾಕಬಾರದು. ಇನ್ನೊಂದು ಸಂಗತಿಯನ್ನೂ ಬಲ್ಲವರು ಬಲ್ಲರು. ಬೇಸಾಯಕ್ಕೆ ಒದಗುವ ಫಲವತ್ತಾದ ನೆಲ ಗೋಮಾಳದ ಪಾಲಿಗೆ ಬರುವುದು ಅಪರೂಪ. ಕಲ್ಲುಗುಡ್ಡ, ಜಂಬಿಟ್ಟಿಗೆಯ ಬೋರೆ, ನೀರು ನಿಲ್ಲದ ಇಳಿಜಾರು ಇವೇ ಬಹುಮಟ್ಟಿಗೆ ಅದಕ್ಕೆ ಉಳಿಯುವಂಥವು.

ನಮ್ಮ ತಲೆಯ ಮೇಲಿನ ಆಕಾಶದಲ್ಲಿಯೂ ಇಂಥದೊಂದು ಗೋಮಾಳವಿದೆಯೆಂದರೆ ಕೆಲವರು ನಗಬಹುದು. ಆದರೆ ನಿಮ್ಮಲ್ಲಿ ಹಲವರು ಈ ಬರಹವನ್ನು ಓದುತ್ತಿರುವುದೇ ಆ ಗೋಮಾಳದ ಕೃಪೆಯಿಂದ. ಅದನ್ನು ನಾವು ವೈ-ಫೈ ಎಂದು ಕರೆಯುತ್ತೇವೆ. ನಿವೃತ್ತನಾದ ಮೇಲೆ ನನಗೆ ಬರುವ ಕರೆಗಳಲ್ಲಿ ಕ್ಷೇಮಸಮಾಚಾರದ ನಂತರದ ಸ್ಥಾನ ಈ ವಿಷಯಕ್ಕೇ. "ಸರ್, ವೈ-ಫೈ 6 ಸಾಕೋ, 7 ಬೇಕೋ?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದರೆ, "ಮಾವ, 2.4 ಒಳ್ಳೆಯದೋ, 5 ಒಳ್ಳೆಯದೋ?" ಎಂದು ಸೋದರಸೊಸೆ ಕೇಳುತ್ತಾಳೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಪಾಠ ಮಾಡಿದವನಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವ ಅಭ್ಯಾಸವಿರುವುದಿಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ. ಬೆಲೆಯ ಪಟ್ಟಿಯನ್ನು ನಿರೀಕ್ಷಿಸಿದವರು ಮಧ್ಯದ ನಾಲ್ಕಾರು ಕಂಡಿಕೆಗಳನ್ನು ಹಾರಿಸಬಹುದು. ತರಗತಿಯಲ್ಲಿ ಹಾರಿಸುತ್ತಿದ್ದವರಿಗೆ ಅದು ಹೊಸದೇನೂ ಅಲ್ಲ.

ಮೊದಲು ಈ 2.4 ಮತ್ತು 5 ಎಂಬ ಅಂಕಿಗಳ ಅರ್ಥವನ್ನು ನೋಡೋಣ. ನನ್ನ ವಯಸ್ಸಿನವರಿಗೆ ರೇಡಿಯೋದ ಮುಳ್ಳು ನೆನಪಿರಬಹುದು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಕೇಳಬೇಕೆಂದರೆ ಆ ಮುಳ್ಳನ್ನು 25 ಮೀಟರ್ ಅಥವಾ 41 ಮೀಟರ್ ಎಂದು ಬರೆದ ಕಡೆಗೆ ಒಯ್ಯುತ್ತಿದ್ದೆವು. ಆ ಮೀಟರ್ ಎಂಬುದು ಅಲೆಯ ಉದ್ದ. ಬಾವಿಯ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕುಲುಕಿ ಅಲೆಗಳನ್ನು ತೋರಿಸುತ್ತಿದ್ದುದು ನನ್ನ ವಿದ್ಯಾರ್ಥಿಗಳಿಗೆ ಮರೆತಿರಲಾರದು. ನಿಧಾನವಾಗಿ ಕುಲುಕಿದರೆ ಉದ್ದನೆಯ ಅಲೆ, ಬೇಗ ಬೇಗ ಕುಲುಕಿದರೆ ಗಿಡ್ಡನೆಯ ಅಲೆ. ಸೆಕೆಂಡಿಗೆ ಎಷ್ಟು ಬಾರಿ ಕುಲುಕುತ್ತೇವೆ ಎಂಬುದೇ ಆವರ್ತನ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಅದನ್ನು ಆವರ್ತನದಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಉದ್ದ ಸುಮಾರು 490 ಮೀಟರ್. 100 ಮೆಗಾಹರ್ಟ್ಸಿನ ಎಫ್‌ಎಂ ಅಲೆ 3 ಮೀಟರ್. 2.4 ಗಿಗಾಹರ್ಟ್ಸಿನ ವೈ-ಫೈ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಎಂದರೆ ಹೆಚ್ಚುಕಡಿಮೆ ಒಂದು ಗೇಣಿಗಿಂತ ಕಡಿಮೆ. 5.5 ಗಿಗಾಹರ್ಟ್ಸಿನದು ಐದೂವರೆ ಸೆಂಟಿಮೀಟರ್. ಅರ್ಧ ಕಿಲೋಮೀಟರಿನ ಅಲೆಯಿಂದ ಬೆರಳುದ್ದದ ಅಲೆಯವರೆಗೆ ಒಂದು ತಲೆಮಾರಿನೊಳಗೆ ನಮ್ಮ ಮನೆಗಳು ಬಂದು ತಲುಪಿವೆ.

ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಬೇಕಾಗಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಅದು ಕಡ್ಡಾಯವಾಗಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಪರವಾನಗಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ನಮ್ಮ ತಂದೆಯವರು ಆ ಪುಸ್ತಕವನ್ನು ಮನೆಯ ಕಂದಾಯದ ರಸೀದಿಗಳೊಡನೆ ಅದೇ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. 1980ರ ದಶಕದ ಮಧ್ಯಭಾಗದಲ್ಲಿ ಈ ಪದ್ಧತಿ ರದ್ದಾಯಿತು. ಗಮನಿಸಬೇಕಾದ ಅಂಶವೇನೆಂದರೆ, ರೇಡಿಯೋ ಕೇವಲ ಕೇಳುವ ಯಂತ್ರ. ಅದು ಆಕಾಶಕ್ಕೆ ಏನನ್ನೂ ಕಳುಹಿಸುವುದಿಲ್ಲ. ಕೇಳುವುದಕ್ಕೇ ಅಪ್ಪಣೆ ಬೇಕಿದ್ದ ದೇಶದಲ್ಲಿ ಇಂದು ಕೇಳುವ ಮತ್ತು ಹೇಳುವ ಎರಡೂ ಕೆಲಸ ಮಾಡುವ ಪೆಟ್ಟಿಗೆಯೊಂದನ್ನು ಅಂಗಡಿಯಿಂದ ತಂದು, ಯಾರನ್ನೂ ಕೇಳದೆ ಗೋಡೆಗೆ ತೂಗುಹಾಕುತ್ತೇವೆ. ಇದು ಸಾಧ್ಯವಾದುದು ಹೇಗೆ?

ಅದರ ಕಥೆ 1947ರಲ್ಲಿ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತಾರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಆವರ್ತನಗಳನ್ನು ಹಂಚಿತು. ವಿಮಾನಗಳಿಗೆ, ಹಡಗುಗಳಿಗೆ, ಪ್ರಸಾರ ಕೇಂದ್ರಗಳಿಗೆ, ಸೈನ್ಯಕ್ಕೆ ಅವರವರ ಪಾಲು ದೊರೆಯಿತು. ಆದರೆ ರೇಡಿಯೋ ಅಲೆಗಳನ್ನು ಸಂದೇಶಕ್ಕಾಗಿ ಅಲ್ಲದೆ ಕಾಯಿಸುವುದಕ್ಕೆ ಬಳಸುವ ಯಂತ್ರಗಳೂ ಇದ್ದವು. ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯದ ಇಂಥ ಉಪಕರಣಗಳಿಗಾಗಿ ಕೆಲವು ಪಟ್ಟಿಗಳನ್ನು ಬೇರೆಯಾಗಿ ಇಡಲಾಯಿತು. 2.4 ಗಿಗಾಹರ್ಟ್ಸಿನದು ಅವುಗಳಲ್ಲೊಂದು. ನಿಮ್ಮ ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45ರಲ್ಲಿ. ಇಷ್ಟು ಗದ್ದಲವಿರುವ ಜಾಗದಲ್ಲಿ ಯಾರು ತಾನೇ ಮಾತನಾಡಲು ಬಯಸುತ್ತಾರೆ? ಆದ್ದರಿಂದ ಅದು ಬಹುಕಾಲ ಕಲ್ಲುಗುಡ್ಡವಾಗಿಯೇ ಉಳಿಯಿತು.

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಈ ಪಟ್ಟಿಗಳಲ್ಲಿ ಕೆಲವನ್ನು ಪರವಾನಗಿಯಿಲ್ಲದೆ ಸಂವಹನಕ್ಕೂ ಬಳಸಬಹುದೆಂದು ತೀರ್ಮಾನಿಸಿತು. ಷರತ್ತುಗಳು ಗೋಮಾಳದವೇ. ಶಕ್ತಿ ಮಿತಿಯೊಳಗಿರಬೇಕು, ಸಂಕೇತವನ್ನು ಒಂದೇ ಬಿಂದುವಿನಲ್ಲಿ ಒತ್ತದೆ ಹರಡಿ ಕಳುಹಿಸಬೇಕು, ಬೇರೆಯವರಿಂದ ತೊಂದರೆಯಾದರೆ ದೂರುವ ಹಕ್ಕಿಲ್ಲ. ನಮ್ಮ ದೇಶದಲ್ಲಿ 2005ರ ಜನವರಿಯ ಅಧಿಸೂಚನೆಯ ಮೂಲಕ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಮನೆಯ ಒಳಗೂ ಹೊರಗೂ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸಿನ ಕೆಲವು ಭಾಗಗಳು ಆಗ ಒಳಾಂಗಣಕ್ಕೆ ಮಾತ್ರ ತೆರೆದವು. 2018ರ ಅಕ್ಟೋಬರಿನಲ್ಲಿ ಆ ಪಟ್ಟಿಯನ್ನು ವಿಸ್ತರಿಸಿ ಹೊರಾಂಗಣಕ್ಕೂ ಮುಕ್ತವಾಗಿಸಲಾಯಿತು. 2.4ರಲ್ಲಿ ದೊರೆತ ಅಗಲ 83.5 ಮೆಗಾಹರ್ಟ್ಸ್, 5ರಲ್ಲಿ 605. ಏಳು ಪಟ್ಟು ವಿಶಾಲವಾದ ಈ ಎರಡನೆಯ ಹುಲ್ಲುಗಾವಲಿಗೆ ಎಲ್ಲರೂ ಏಕೆ ಹೋಗಬಯಸುತ್ತಾರೆ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಇಲ್ಲಿ ಜಗದೀಶಚಂದ್ರ ಬೋಸರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ನಾವು ಓದಿದ ಪಠ್ಯಪುಸ್ತಕಗಳಲ್ಲಿ ರೇಡಿಯೋ ಎಂದರೆ ಮಾರ್ಕೋನಿ. ಬೋಸರೆಂದರೆ ಗಿಡಗಳಿಗೂ ಸಂವೇದನೆಯಿದೆ ಎಂದವರು. ಆದರೆ 1895ರ ಸುಮಾರಿನಲ್ಲಿಯೇ ಕಲ್ಕತ್ತೆಯಲ್ಲಿ ಅವರು ಐದು ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನು ಉಂಟುಮಾಡಿ, ಗೋಡೆಗಳ ಆಚೆಯ ಗಂಟೆಯನ್ನು ಬಾರಿಸಿ ತೋರಿಸಿದ್ದರು. ಐದು ಮಿಲಿಮೀಟರ್ ಎಂದರೆ 60 ಗಿಗಾಹರ್ಟ್ಸ್. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅದೇ ಉಪಕರಣಗಳೊಡನೆ ಉಪನ್ಯಾಸ ಮಾಡಿದರು. ವೈ-ಫೈ ಕುಟುಂಬದ 802.11ಎಡಿ ಎಂಬ ಮಾನಕ 60 ಗಿಗಾಹರ್ಟ್ಸನ್ನು ಬಳಸಲಾರಂಭಿಸಿದ್ದು 2012ರಲ್ಲಿ. ಪ್ರೆಸಿಡೆನ್ಸಿ ಕಾಲೇಜಿನ ಒಬ್ಬ ಮೇಷ್ಟರು ನಡೆದ ಜಾಗಕ್ಕೆ ಮಾರುಕಟ್ಟೆ ಬಂದು ತಲುಪಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಬೋಸರಿಗೆ ತಮ್ಮ ಶೋಧಗಳಿಗೆ ಪೇಟೆಂಟಿನ ಬೇಲಿ ಹಾಕುವುದರಲ್ಲಿ ಒಲವಿರಲಿಲ್ಲ ಎಂಬುದೂ ಗಮನಾರ್ಹ.

ಒಡೆಯನಿಲ್ಲದ ಜಾಗದಲ್ಲಿ ಜಗಳವಾಗದಂತೆ ನೋಡಿಕೊಳ್ಳುವುದು ಹೇಗೆ? ಮುಖ್ಯೋಪಾಧ್ಯಾಯರಿಲ್ಲದ ದಿನ ಶಾಲೆ ನಡೆಸಿದ ಅನುಭವವಿರುವವರಿಗೆ ಈ ಸಮಸ್ಯೆ ಅರ್ಥವಾಗುತ್ತದೆ. ವೈ-ಫೈನ ಪ್ರತಿಯೊಂದು ಯಂತ್ರವೂ ಮಾತನಾಡುವ ಮೊದಲು ಕಿವಿಗೊಡುತ್ತದೆ. ಬೇರೆ ಯಾರಾದರೂ ಮಾತನಾಡುತ್ತಿದ್ದರೆ ಸುಮ್ಮನಿರುತ್ತದೆ. ಮೌನವಾದ ಮೇಲೂ ತಕ್ಷಣ ಬಾಯಿ ತೆರೆಯುವುದಿಲ್ಲ. ಏಕೆಂದರೆ ಕಾಯುತ್ತಿದ್ದವರೆಲ್ಲರೂ ಒಮ್ಮೆಗೇ ಬಾಯಿ ತೆರೆದರೆ ಮತ್ತೆ ಗದ್ದಲವೇ. ಅದಕ್ಕಾಗಿ ಪ್ರತಿಯೊಂದೂ ಮನಸ್ಸಿನಲ್ಲಿಯೇ ಒಂದು ಅಂಕಿಯನ್ನು ಚೀಟಿ ಎತ್ತಿದಂತೆ ಆರಿಸಿ, ಅಷ್ಟು ಎಣಿಸಿ, ಆಗಲೂ ಮೌನವಿದ್ದರೆ ಮಾತ್ರ ಮಾತನಾಡುತ್ತದೆ. ಕೇಳಿಸಿಕೊಂಡವರು "ತಲುಪಿತು" ಎಂದು ಉತ್ತರಿಸಬೇಕು. ಉತ್ತರ ಬಾರದಿದ್ದರೆ ಮುಂದಿನ ಸಲ ಇನ್ನೂ ದೊಡ್ಡ ಅಂಕಿಗಳ ನಡುವಿನಿಂದ ಚೀಟಿ ಎತ್ತಬೇಕು, ಅಂದರೆ ಇನ್ನೂ ಹೆಚ್ಚು ತಾಳ್ಮೆಯಿಂದ ಕಾಯಬೇಕು. ತನ್ನ ಮಾತು ಕೇಳಿಸದಿದ್ದಾಗ ದನಿ ಏರಿಸುವುದು ಮನುಷ್ಯರ ರೀತಿ. ಕಾಯುವಿಕೆಯನ್ನು ಹೆಚ್ಚಿಸುವುದು ಈ ಯಂತ್ರದ ರೀತಿ. ಯಾವ ಪೊಲೀಸರಿಲ್ಲದೆ ಕೋಟ್ಯಂತರ ಪೆಟ್ಟಿಗೆಗಳು ಒಂದೇ ಗೋಮಾಳದಲ್ಲಿ ಮೇಯುತ್ತಿರುವುದು ಈ ಸಂಯಮದ ಬಲದಿಂದ.

ಇನ್ನು ಮಾನಕಗಳ ವಿಷಯ. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 802.11 ಸಮಿತಿಯು ಮೊದಲ ಮಾನಕವನ್ನು ಹೊರತಂದದ್ದು 1997ರಲ್ಲಿ. ಆಗಿನ ವೇಗ ಸೆಕೆಂಡಿಗೆ 2 ಮೆಗಾಬಿಟ್. ಆ ಸಮಿತಿಯನ್ನು ಹತ್ತು ವರ್ಷ ಕಾಲ ನಡೆಸಿದ ಹಾಲೆಂಡಿನ ವಿಕ್ ಹೇಯ್ಸ್ ಅವರನ್ನು ವೈ-ಫೈನ ಪಿತಾಮಹರೆಂದು ಕರೆಯುವುದುಂಟು. ಪರಸ್ಪರ ಪೈಪೋಟಿಯ ಕಂಪನಿಗಳ ಎಂಜಿನಿಯರುಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಒಪ್ಪಿಗೆಗೆ ತರುವ ಕೆಲಸ ಅವರದಾಗಿತ್ತು. 1999ರಲ್ಲಿ ಎರಡು ಮಾನಕಗಳು ಒಟ್ಟಿಗೆ ಬಂದವು. 802.11ಬಿ ಎಂಬುದು 2.4ರಲ್ಲಿ 11 ಮೆಗಾಬಿಟ್ಟಿನದು, 802.11ಎ ಎಂಬುದು 5ರಲ್ಲಿ 54 ಮೆಗಾಬಿಟ್ಟಿನದು. 2003ರ 802.11ಜಿ ಅದೇ 54ನ್ನು 2.4ಕ್ಕೂ ತಂದಿತು. ವೈ-ಫೈ ಎಂಬ ಹೆಸರು ಹುಟ್ಟಿದ್ದೂ 1999ರಲ್ಲಿಯೇ, ಹೆಸರಿಡುವುದನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಯೊಂದರ ಕೈಯಲ್ಲಿ. ಅದು ಯಾವ ಪದಗುಚ್ಛದ ಸಂಕ್ಷೇಪವೂ ಅಲ್ಲ. ಕಿವಿಗೆ ಇಂಪಾಗಲೆಂದು ಇಟ್ಟ ಹೆಸರು, ಅಷ್ಟೇ.

ಈ 54 ಎಂಬ ಅಂಕಿ ಎಲ್ಲಿಂದ ಬಂತು? ಇದನ್ನು ವಿವರಿಸಲು ನಿಮ್ಮನ್ನು ವಿಜಯಪುರದ ಗೋಲಗುಮ್ಮಟಕ್ಕೆ ಕರೆದೊಯ್ಯಬೇಕು. ಶಾಲಾ ಪ್ರವಾಸದಲ್ಲಿ ಅಲ್ಲಿಯ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿದಾಗ ನೀವೆಲ್ಲರೂ ಕೂಗಿದ್ದೀರಿ. ಒಬ್ಬ ತನ್ನ ಹೆಸರನ್ನು ಒಮ್ಮೆ ಹೇಳಿದರೆ ಸ್ಪಷ್ಟವಾಗಿ ಹಲವು ಬಾರಿ ಮರುದನಿ ಬರುತ್ತಿತ್ತು. ನಲವತ್ತು ಮಕ್ಕಳು ಬಡಬಡನೆ ಮಾತನಾಡಿದಾಗ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಮನೆಯೊಳಗಿನ ರೇಡಿಯೋ ಅಲೆಗಳಿಗೂ ಇದೇ ಪಾಡು. ಗೋಡೆ, ಬೀರು, ನೆಲ, ಚಾವಣಿ ಎಲ್ಲವೂ ಅವನ್ನು ಮರುದನಿಸುತ್ತವೆ. ವೇಗವಾಗಿ ಮಾತನಾಡಿದಷ್ಟೂ ಹಿಂದಿನ ಅಕ್ಷರದ ಮರುದನಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಹಾಗಾದರೆ ಉಪಾಯವೇನು? ಒಬ್ಬನೇ ಬೇಗ ಬೇಗ ಮಾತನಾಡುವ ಬದಲು, ಬೇರೆ ಬೇರೆ ಶ್ರುತಿಯ ಹಲವರು ಏಕಕಾಲಕ್ಕೆ ನಿಧಾನವಾಗಿ ಮಾತನಾಡುವುದು. ಪ್ರತಿಯೊಬ್ಬನೂ ನಿಧಾನ, ಒಟ್ಟು ಮಾತ್ರ ವೇಗ. ಈ ಮಾನಕದಲ್ಲಿ ಮಾಹಿತಿ ಹೊರುವ ಶ್ರುತಿಗಳು 48. ಪ್ರತಿಯೊಂದು ಸೆಕೆಂಡಿಗೆ ಎರಡೂವರೆ ಲಕ್ಷ ಅಕ್ಷರಗಳನ್ನು ಉಚ್ಚರಿಸುತ್ತದೆ. ಒಂದೊಂದು ಅಕ್ಷರದಲ್ಲಿ 6 ಬಿಟ್. ಗುಣಿಸಿದರೆ 72 ಮೆಗಾಬಿಟ್. ಅದರಲ್ಲಿ ಕಾಲುಭಾಗ ತಪ್ಪು ತಿದ್ದುವುದಕ್ಕೆ ಮೀಸಲು; ಉಳಿದದ್ದು 54. ಲೆಕ್ಕ ಮಾಡಿ ನೋಡಿ, ಸರಿಹೋಗುತ್ತದೆ. ಮನೆಯೊಳಗಿನ ಈ ಮರುದನಿಯ ಸಮಸ್ಯೆಯನ್ನು ಬಿಡಿಸುವ ವಿಧಾನವನ್ನು ರೂಪಿಸಿದವರಲ್ಲಿ ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಸಂಸ್ಥೆಯ ಜಾನ್ ಓ'ಸಲಿವನ್ ಮತ್ತು ಅವರ ಸಂಗಡಿಗರು ಪ್ರಮುಖರು. ಅವರು ಮೂಲತಃ ಆಕಾಶದ ಕ್ಷೀಣ ರೇಡಿಯೋ ಸಂಕೇತಗಳನ್ನು ಹುಡುಕುತ್ತಿದ್ದ ಖಗೋಳ ವಿಜ್ಞಾನಿ. ಕಪ್ಪುಕುಳಿಗಳ ಬೆನ್ನುಹತ್ತಿದ ಗಣಿತ ನಮ್ಮ ಪಡಸಾಲೆಗೆ ಒದಗಿತು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2009ರ 802.11ಎನ್ ಹಲವು ಆಂಟೆನಾಗಳನ್ನು ಒಟ್ಟಿಗೆ ದುಡಿಸಿ ವೇಗವನ್ನು ಗರಿಷ್ಠ 600 ಮೆಗಾಬಿಟ್ಟಿಗೆ ಏರಿಸಿತು; ಗೋಲಗುಮ್ಮಟದ ಮರುದನಿಯನ್ನು ಶತ್ರುವೆಂದು ತಿಳಿಯದೆ ಬೇರೆ ಬೇರೆ ದಾರಿಗಳೆಂದು ಬಳಸಿಕೊಂಡದ್ದು ಅದರ ಜಾಣತನ. 2013ರ 802.11ಎಸಿ 5ರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಈ ಅಕ್ಷರಮಾಲೆಯಿಂದ ಜನ ಬೇಸತ್ತಿದ್ದನ್ನು ಕಂಡು 2018ರಲ್ಲಿ ಅಂಕಿಗಳ ಹೆಸರು ಬಂದವು. ಎನ್ ಎಂಬುದು ವೈ-ಫೈ 4, ಎಸಿ ಎಂಬುದು 5, ಎಎಕ್ಸ್ ಎಂಬುದು 6. ಈ ಕೊನೆಯದಕ್ಕೆ ಪ್ರಮಾಣಪತ್ರ ನೀಡುವುದು 2019ರಲ್ಲಿ ಆರಂಭವಾಯಿತು. 6 ಗಿಗಾಹರ್ಟ್ಸಿನ ಪಟ್ಟಿಯನ್ನೂ ಬಳಸಬಲ್ಲ ವೈ-ಫೈ 6ಕ್ಕೆ 6ಇ ಎಂದು ಹೆಸರು. 2024ರ ಜನವರಿಯಿಂದ ವೈ-ಫೈ 7 ಬಂದಿದೆ. ಅದು ಮೂರು ಪಟ್ಟಿಗಳನ್ನೂ ಏಕಕಾಲಕ್ಕೆ ಬಳಸಬಲ್ಲದು. ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು: ವೈ-ಫೈ 5 ಬೇರೆ, 5 ಗಿಗಾಹರ್ಟ್ಸ್ ಬೇರೆ. ಮೊದಲನೆಯದು ಭಾಷೆಯ ವ್ಯಾಕರಣ, ಎರಡನೆಯದು ಮಾತು ಸಾಗುವ ಬೀದಿ. ವೈ-ಫೈ 6ರ ಪೆಟ್ಟಿಗೆ 2.4ರ ಬೀದಿಯಲ್ಲಿಯೂ ನಡೆಯುತ್ತದೆ.

ಈ ಸಾಲಿನಲ್ಲಿ ಮೇಷ್ಟರಾದ ನನಗೆ ಹೆಚ್ಚು ಮೆಚ್ಚುಗೆಯಾದದ್ದು ವೈ-ಫೈ 6. ಅದಕ್ಕಿಂತ ಹಿಂದಿನವುಗಳಲ್ಲಿ ಒಬ್ಬನ ಸರದಿ ಬಂದರೆ ಇಡೀ ಬೀದಿ ಅವನೊಬ್ಬನದೇ; ಒಂದು ಸಾಲಿನ ಸಂದೇಶ ಕಳುಹಿಸುವವನೂ ಪೂರ್ಣ ಬೀದಿಯನ್ನು ಹಿಡಿಯುತ್ತಿದ್ದ. ವೈ-ಫೈ 6 ಶ್ರುತಿಗಳನ್ನು ಪುಟ್ಟ ಪುಟ್ಟ ಗುಂಪುಗಳಾಗಿ ಒಡೆದು, ಒಂದೇ ಸರದಿಯಲ್ಲಿ ಹಲವರಿಗೆ ಹಂಚುತ್ತದೆ. ಮೊದಲ ಬೆಂಚಿನ ಒಬ್ಬ ಜಾಣನನ್ನು ಇನ್ನೂ ಜಾಣನಾಗಿಸುವುದಕ್ಕಿಂತ ಇಡೀ ತರಗತಿಗೆ ಪಾಠ ತಲುಪಿಸುವುದರ ಕಡೆಗೆ ಅದರ ಗಮನ. ಒಂದೇ ಮನೆಯಲ್ಲಿ ಹದಿನೈದು ಇಪ್ಪತ್ತು ಉಪಕರಣಗಳಿರುವ ಈ ಕಾಲಕ್ಕೆ ಇದೇ ಬೇಕಾದದ್ದು.

ಈಗ ನಮ್ಮ ಮೂಲಮನೆಯ ವಿಷಯ. ಬಂಧುಗಳಿಗೆ ಆ ಮನೆಯ ಪರಿಚಯವಿದೆ. ಜಂಬಿಟ್ಟಿಗೆಯ ಕಲ್ಲಿನ ಗೋಡೆಗಳು ಒಂದೂವರೆ ಮೊಳದಷ್ಟು ದಪ್ಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಒದ್ದೆಯಾಗಿಯೇ ಇರುತ್ತವೆ. ಜಗುಲಿಯಿಂದ ಅಡುಗೆಮನೆಯ ಹಿಂದಿನ ಕೋಣೆಗೆ ಹೋಗಲು ಅಂಥ ಮೂರು ಗೋಡೆಗಳನ್ನು ದಾಟಬೇಕು. ಆ ಕೋಣೆ ನಮ್ಮ ಅತ್ತಿಗೆಯದು. ಎಂಬತ್ತಾರು ವರ್ಷ, ಹತ್ತು ವರ್ಷದ ಹಿಂದೆಯೇ ಕಿವಿ ಬಹುಮಟ್ಟಿಗೆ ನಿಂತಿದೆ. ಮಗ ಕೆನಡಾದಲ್ಲಿ. ಭಾನುವಾರ ಸಂಜೆ ಅವನು ಕರೆ ಮಾಡಿದಾಗ ಅತ್ತಿಗೆ ಅವನ ದನಿಯನ್ನು ಕೇಳುವುದಿಲ್ಲ. ತುಟಿಗಳನ್ನು ನೋಡಿ ಮಾತನ್ನು ಓದಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ನೋಡಿದ ತುಟಿಗಳು. ಮಾತಿನ ಬಹುಭಾಗ ತಿಳಿದುಬಿಡುತ್ತದೆ. ನಮಗೆಲ್ಲ ಚಿತ್ರ ನಿಂತುಹೋದರೂ ದನಿ ಸಾಗುತ್ತಿರುತ್ತದೆ, ಹೇಗೋ ನಡೆಯುತ್ತದೆ. ಅತ್ತಿಗೆಗೆ ಚಿತ್ರ ನಿಂತರೆ ಮಗ ಮೌನವಾದನೆಂದೇ ಅರ್ಥ.

ಕಳೆದ ಮಳೆಗಾಲಕ್ಕೆ ಮೊದಲು ಬೆಂಗಳೂರಿನಿಂದ ಬಂದ ಹುಡುಗನೊಬ್ಬ, ಪ್ರೀತಿಯಿಂದಲೇ, ಹೊಸ ಪೆಟ್ಟಿಗೆಯೊಂದನ್ನು ತಂದು ಜಗುಲಿಯಲ್ಲಿ ಕೂರಿಸಿದ. ಎಲ್ಲ ಫೋನುಗಳನ್ನೂ 5ಕ್ಕೆ ಕಟ್ಟಿಹಾಕಿದ. ಜಗುಲಿಯಲ್ಲಿ ನೋಡಿದರೆ ವೇಗ 200 ಮೆಗಾಬಿಟ್ ದಾಟುತ್ತಿತ್ತು, ಎಲ್ಲರೂ ತಲೆದೂಗಿದರು. ಮಳೆ ಹಿಡಿದ ಮೇಲೆ ಹಿಂದಿನ ಕೋಣೆಯಲ್ಲಿ ಸಂಕೇತ ಬರುವುದು ಹೋಗುವುದು ಶುರುವಾಯಿತು. ಎರಡು ಭಾನುವಾರ ಕಳೆದ ಮೇಲೆ ಅತ್ತಿಗೆ ಯಾರನ್ನೂ ದೂರದೆ, "ಅವನಿಗೆ ಈಚೆಗೆ ಮಾತು ಕಡಿಮೆಯಾಗಿದೆ, ಏನೋ ಚಿಂತೆಯಿರಬೇಕು" ಎಂದರು. ಆ ಮಾತು ಕೇಳಿದ ಮೇಲೆ ನಾನು ಫೋನನ್ನು ಹಿಡಿದುಕೊಂಡು ಮನೆಯೆಲ್ಲ ಅಳೆದೆ. ಹಿಂದಿನ ಕೋಣೆಯಲ್ಲಿ 5ರ ಸಂಕೇತ ಇಲ್ಲವೆನ್ನುವಷ್ಟು ಕ್ಷೀಣ. ಅದೇ ಪೆಟ್ಟಿಗೆಯ 2.4ರಲ್ಲಿ 12 ಮೆಗಾಬಿಟ್. ಚಿತ್ರಸಹಿತ ಕರೆಗೆ ಬೇಕಾದದ್ದು ಎರಡೋ ಮೂರೋ. ಅತ್ತಿಗೆಯ ಫೋನಿಗೆ 2.4ರ ಜಾಲವನ್ನು ಬೇರೆ ಹೆಸರಿನಿಂದ ಕೊಟ್ಟೆ. ಮುಂದಿನ ಭಾನುವಾರ ಮಗ ಮತ್ತೆ ವಾಚಾಳಿಯಾದ.

ಇದರ ಕಾರಣವನ್ನು ತಿಳಿದಿರುವುದು ಒಳ್ಳೆಯದು. ಗಿಡ್ಡ ಅಲೆ ಬೇಗ ದಣಿಯುತ್ತದೆ ಎಂದು ಹಲವರು ಹೇಳುವುದುಂಟು. ಬಯಲಿನಲ್ಲಿ ಯಾವ ಅಲೆಯೂ ದಣಿಯುವುದಿಲ್ಲ. ಅಲೆ ಗಿಡ್ಡವಾದಂತೆ ಅದನ್ನು ಹಿಡಿಯುವ ಆಂಟೆನಾ ಕೂಡ ಚಿಕ್ಕದಾಗುತ್ತದೆ. ಚಿಕ್ಕ ಬೊಗಸೆಗೆ ಕಡಿಮೆ ನೀರು. ಅದೇ ಬಗೆಯ ಆಂಟೆನಾದಿಂದ 2.4ರಲ್ಲಿ ದೊರೆಯುವ ಶಕ್ತಿಯ ಐದರಲ್ಲೊಂದು ಪಾಲು ಮಾತ್ರ 5.5ರಲ್ಲಿ ದೊರೆಯುತ್ತದೆ. ಇದರ ಮೇಲೆ ಗೋಡೆಗಳ ಸುಂಕ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳು ಗಿಡ್ಡ ಅಲೆಯನ್ನು ಹೆಚ್ಚು ನುಂಗುತ್ತವೆ. ಒದ್ದೆಯಾದರೆ ಇನ್ನೂ ಹೆಚ್ಚು.

ಆದ್ದರಿಂದ ಕೇಳಿದವರಿಗೆ ನನ್ನ ಉತ್ತರ ಇಷ್ಟು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರು 5 ಅಥವಾ 6ರ ಪಟ್ಟಿಯನ್ನು ಬಳಸಿ. ಅಲ್ಲಿ ನೆರೆಹೊರೆಯ ಹತ್ತಾರು ಪೆಟ್ಟಿಗೆಗಳು 2.4ರಲ್ಲಿ ನೂಕಾಡುತ್ತಿರುತ್ತವೆ, ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6 ಮತ್ತು 11 ಎಂಬ ಮೂರೇ. ಗಿಡ್ಡ ಅಲೆ ಗೋಡೆ ದಾಟದಿರುವುದು ಅಲ್ಲಿ ದೋಷವಲ್ಲ, ಗುಣ. ನಿಮ್ಮ ಮಾತು ನಿಮ್ಮ ಮನೆಯಲ್ಲಿಯೇ ಉಳಿಯುತ್ತದೆ. ಊರಿನ ಹಳೆಯ ಮನೆಗಳಲ್ಲಿ 2.4ನ್ನು ತಿರಸ್ಕರಿಸಬೇಡಿ. ಪೆಟ್ಟಿಗೆಯನ್ನು ಬಾಗಿಲ ಮೂಲೆಯಲ್ಲಿ, ಬೀರುವಿನೊಳಗೆ, ಒಲೆಯ ಪಕ್ಕದಲ್ಲಿ ಇಡದೆ ಮನೆಯ ನಡುವೆ ಎತ್ತರದಲ್ಲಿಡಿ. ವೈ-ಫೈ 6 ಬಹುತೇಕ ಮನೆಗಳಿಗೆ ಸಾಕು. ನಿಮ್ಮ ಫೋನೇ ಹಳೆಯ ಮಾನಕದ್ದಾಗಿದ್ದರೆ 7ರ ಪೆಟ್ಟಿಗೆ ತಂದು ಪ್ರಯೋಜನವಿಲ್ಲ. ದಪ್ಪ ಗೋಡೆಯ ಆಚೆ ವೇಗವೂ ಬೇಕೆಂದರೆ ಅಟ್ಟದ ಮೇಲಿಂದ ತಂತಿ ಎಳೆದು ಅಲ್ಲೊಂದು ಪುಟ್ಟ ಪೆಟ್ಟಿಗೆ ಇಡಿ. ನಿಸ್ತಂತುವಿಗೆ ಅತ್ಯುತ್ತಮ ಸಹಾಯಕ ತಂತಿಯೇ.

ಗೋಮಾಳದಿಂದ ಬಡವರಿಗೆ ಆಗುವ ಉಪಕಾರ ಪಟ್ಟಾದಾರರ ಕಣ್ಣಿಗೆ ಬೀಳುವುದಿಲ್ಲ. ತಮಿಳುನಾಡಿನ ತೇನಿಯ ಕಥೆಯನ್ನು ನೋಡಿ. 2000ರ ದಶಕದ ಮಧ್ಯದಲ್ಲಿ ಅಲ್ಲಿಯ ಅರವಿಂದ ಕಣ್ಣಿನ ಆಸ್ಪತ್ರೆ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ, ಇದೇ ವೈ-ಫೈ ಉಪಕರಣಗಳಿಗೆ ದಿಕ್ಕು ನೋಡಿ ನಿಲ್ಲುವ ಆಂಟೆನಾಗಳನ್ನು ಜೋಡಿಸಿ, ಆಸ್ಪತ್ರೆಯಿಂದ ಕಿಲೋಮೀಟರುಗಟ್ಟಲೆ ದೂರದ ಹಳ್ಳಿಗಳ ನೇತ್ರ ಕೇಂದ್ರಗಳಿಗೆ ಸಂಪರ್ಕ ಕೊಟ್ಟರು. ಹಳ್ಳಿಯ ರೋಗಿ ಕೇಂದ್ರದಲ್ಲಿಯೇ ಕುಳಿತು ಪರದೆಯ ಮೂಲಕ ವೈದ್ಯರಿಗೆ ಕಣ್ಣು ತೋರಿಸುವಂತಾಯಿತು. ವೆನಿಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ 2007ರಲ್ಲಿ ಪರ್ವತದಿಂದ ಪರ್ವತಕ್ಕೆ 382 ಕಿಲೋಮೀಟರ್ ದೂರ ವೈ-ಫೈ ಹಾಯಿಸಿ ತೋರಿಸಿದರು. ಯಾರೂ ಬೇಡವೆಂದಿದ್ದ ಕಲ್ಲುಗುಡ್ಡದ ಬೆಳೆಯಿದು.

ಗೋಮಾಳಕ್ಕೆ ಬೆಲೆ ಬಂದ ಕೂಡಲೆ ಬೇಲಿಯೂ ಬರುತ್ತದೆಂಬುದನ್ನು ನಮ್ಮ ಊರುಗಳಲ್ಲಿ ಕಣ್ಣಾರೆ ಕಂಡಿದ್ದೇವೆ. 6 ಗಿಗಾಹರ್ಟ್ಸಿನ ಸುತ್ತ ನಡೆದ ವಾದ ಅಂಥದೇ. ಅಮೆರಿಕವು 2020ರ ಏಪ್ರಿಲ್‌ನಲ್ಲಿ ಆ ಪಟ್ಟಿಯ 1200 ಮೆಗಾಹರ್ಟ್ಸನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ನಮ್ಮಲ್ಲಿ ಮೊಬೈಲ್ ಸೇವಾ ಸಂಸ್ಥೆಗಳು ಅದು ತಮಗೆ ಹರಾಜಿನಲ್ಲಿ ಸಿಗಬೇಕೆಂದವು. ವೈ-ಫೈ ಪರವಾದವರು ಎಲ್ಲರಿಗೂ ತೆರೆದಿರಲೆಂದರು. 2025ರ ಮೇ ತಿಂಗಳಲ್ಲಿ ಸರಕಾರ ಪ್ರಕಟಿಸಿದ ಕರಡು ನಿಯಮ 5925ರಿಂದ 6425ರವರೆಗಿನ ಕೆಳಭಾಗದ 500 ಮೆಗಾಹರ್ಟ್ಸನ್ನು ಕಡಿಮೆ ಶಕ್ತಿಯ ಬಳಕೆಗೆ ಮುಕ್ತಗೊಳಿಸುವ ಪ್ರಸ್ತಾಪವನ್ನಿಟ್ಟಿತು. ಮೊಬೈಲ್ ಸಂಸ್ಥೆಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ರಸ್ತೆಯಲ್ಲಿ, ಬಸ್ಸಿನಲ್ಲಿ, ತೋಟದಲ್ಲಿ ನಮಗೆ ದಕ್ಕುವುದು ಅವರ ಅಲೆಗಳೇ. ಆದರೆ 1995ರ ಫೆಬ್ರವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ಮೊಕದ್ದಮೆಯೊಂದರಲ್ಲಿ ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತುದನ್ನು ಮರೆಯಬಾರದು. ಸಾರ್ವಜನಿಕ ಸ್ವತ್ತನ್ನು ಗುತ್ತಿಗೆಗೆ ಕೊಡಬಹುದು. ಆದರೆ ಒಂದಿಷ್ಟನ್ನಾದರೂ ಸಾರ್ವಜನಿಕರು ತಾವೇ ಬಳಸಲು ಬಿಡದಿದ್ದರೆ ಆ ಮಾತಿಗೆ ಅರ್ಥವೇನು?

ಈಗ ವೈ-ಫೈ 8 ಸಿದ್ಧವಾಗುತ್ತಿದೆ. ಅದರ ಮುಖ್ಯ ಗುರಿ ಹೆಚ್ಚಿನ ವೇಗವಲ್ಲ, ಹೆಚ್ಚಿನ ಭರವಸೆ. ಸಂಕೇತ ಕ್ಷೀಣವಿರುವ ಕಡೆಯಲ್ಲಿಯೂ ಮಾತು ಕಡಿಯದಂತೆ ನೋಡಿಕೊಳ್ಳುವುದು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂಥ ಚಿಪ್ಪುಗಳನ್ನೂ ತಂತ್ರಾಂಶಗಳನ್ನೂ ರೂಪಿಸುವ ಕಚೇರಿಗಳಲ್ಲಿದ್ದಾರೆ. ಅವರಿಗೆ ಹೇಳುವುದು ಇಷ್ಟೇ: ನಿಮ್ಮ ಪ್ರಯೋಗಾಲಯದ ಪರೀಕ್ಷೆಗಳನ್ನು ಜಗುಲಿಯಲ್ಲಿ ನಿಲ್ಲಿಸಬೇಡಿ, ಹಿಂದಿನ ಕೋಣೆಯವರೆಗೂ ಒಯ್ಯಿರಿ.

ಬಂಧುಗಳಿಗೆ ಇನ್ನೊಂದು ಮಾತು. ದೀಪಾವಳಿಗೆ ಊರಿಗೆ ಬರುವವರು ಸಿಹಿತಿಂಡಿ ತರಬೇಡಿ, ಇಲ್ಲಿ ತಿನ್ನುವವರಿಲ್ಲ. ಯಾರಾದರೊಬ್ಬರು ಮೂವತ್ತು ಮೀಟರ್ ಈಥರ್ನೆಟ್ ತಂತಿ ತನ್ನಿ. ಅಟ್ಟ ಹತ್ತುವ ಏಣಿ ನನ್ನಲ್ಲಿದೆ, ಹತ್ತುವ ಮೊಣಕಾಲು ನಿಮ್ಮದಿರಲಿ.